ಪಕ್ಕದ ಸೀಟು

ಹೊಸ ಸೇತುವೆಯ ಉದ್ಘಾಟನೆ ಬೆಳಗ್ಗೆಯಷ್ಟೇ ಮುಗಿದಿತ್ತು. ಬಸ್ಸುಗಳು ಮರುದಿನದಿಂದ ಓಡುವುದಿತ್ತು. ಅಷ್ಟರಲ್ಲಿ ಕೆಂಪು ಬಾವುಟ ಕಟ್ಟಿಕೊಂಡ ಲಾರಿಯೊಂದು ಬಂದು ನಿಂತಿತು. ಅದರ ಮೇಲೆ ಟಾರ್ಪಾಲು ಹೊದ್ದ, ಮನೆಯಷ್ಟು ದೊಡ್ಡ ಸಾಮಾನು. ಎರಡೂ ಬದಿಗೆ ಲಾರಿಯಿಂದ ಹೊರಕ್ಕೆ ಚಾಚಿತ್ತು.

ಸೇತುವೆ ಕಟ್ಟಿದ ಗುತ್ತಿಗೆದಾರನ ಕೊರಳಿನ ಹಾರ ಇನ್ನೂ ಬಾಡಿರಲಿಲ್ಲ. ಫೋಟೋದವನನ್ನು ಕೂಗಿ ಕರೆದ. "ತೆಗಿಯಯ್ಯಾ, ನನ್ನ ಸೇತುವೆ ಮೇಲೆ ಮೊದಲನೇ ದೊಡ್ಡ ಲೋಡು!"

ಚಾಲಕ ಕಿಟಕಿಯಿಂದ ತಲೆ ಹೊರಹಾಕಿದ. "ತಡೀತದಾ ಸಾ?"

"ಆನೆ ಹಿಂಡು ಬಂದು ಕುಣಿದ್ರೂ ಅಲ್ಲಾಡಲ್ಲ ಕಣಯ್ಯಾ. ನುಗ್ಗಿಸು!"

"ಹಂಗಾದ್ರೆ ನೀವೂ ಬಂದು ಪಕ್ಕದ ಸೀಟಲ್ಲಿ ಕೂತ್ಕೊಳಿ. ಫೋಟೋ ಚೆನ್ನಾಗಿ ಬರ್ತದೆ."

ಗುತ್ತಿಗೆದಾರನಿಗೆ ತಟ್ಟನೆ ತನ್ನ ಬಿ.ಪಿ. ನೆನಪಾಯಿತು. ಇಂಜಿನಿಯರನ್ನಾದರೂ ಹತ್ತಿಸೋಣವೆಂದು ತಿರುಗಿ ನೋಡಿದರೆ, ಆ ಮಹಾನುಭಾವ ಆಗಲೇ ಊಟಕ್ಕೆಂದು ಕಾರು ಹತ್ತಿಯಾಗಿತ್ತು.

"ಒಂದ್ ಕೆಲ್ಸ ಮಾಡು," ಎಂದ ಗುತ್ತಿಗೆದಾರ, ದನಿ ತಗ್ಗಿಸಿ. "ಹೊಳೆ ಹೆಂಗೂ ಒಣಗಿದೆ. ಕೆಳಗೇ ಇಳಿಸ್ಕೊಂಡು ಹೋಗು. ಜೆಸಿಬಿ ನಾನೇ ಕರೆಸ್ತೀನಿ."

ಜೆಸಿಬಿ ಬಂದು ದಂಡೆ ಕಡಿದು ದಾರಿ ಮಾಡಿತು. ಲಾರಿ ಮರಳಿನಲ್ಲಿ ತೆವಳಿಕೊಂಡು ಆಚೆ ದಡ ಹತ್ತಿತು. ಗುತ್ತಿಗೆದಾರನೂ ಸೇತುವೆ ಬಿಟ್ಟು ಅದರ ಹಿಂದೆಯೇ ಹೊಳೆಯಲ್ಲಿ ನಡೆದು ಬಂದು, ಹಾರದಲ್ಲೇ ಬೆವರು ಒರೆಸಿಕೊಂಡ.

"ಅಬ್ಬಾ, ಬಚಾವು! ಎಷ್ಟು ಟನ್ನಯ್ಯಾ ಈ ಬಾಯ್ಲರ್ರು?"

"ಬಾಯ್ಲರ್ ಎಲ್ಲಿ ಸಾ? ಖಾಲಿ ಫೈಬರ್ ಟ್ಯಾಂಕು. ನಾಳೆ ಬರೋ ಬಸ್ಸೇ ಇದಕ್ಕಿಂತ ಭಾರ."