ಅಡಿಯ ಸಾಲು

ಬಾಲಾಜಿಯ ಹೂಕೋಸಿನ ಮೊದಲ ಮೂಟೆಯನ್ನು ಹೆಗಲಿಗೇರಿಸಿಕೊಂಡ ಹಮಾಲಿ ಕುಪ್ಪುಸ್ವಾಮಿ, “ಅಡೀಗಾ, ಮೇಲಕ್ಕಾ ಚಂದನಮ್ಮ?” ಎಂದು ಕೇಳಿದ. ಕಾಮಸಮುದ್ರದ ರೈತರು ಸೇರಿ ಬಾಡಿಗೆಗೆ ಹಿಡಿದಿದ್ದ ಆ ಲಾರಿಯಲ್ಲಿ ಯಾರ ಮಾಲು ಎಲ್ಲಿರಬೇಕೆಂದು ಹೇಳುವವಳು ಈಗ ಚಂದನ.

ಚೆನ್ನೈ ಸೇರುವಷ್ಟರಲ್ಲಿ ಅಡಿಯ ಸಾಲು ಬೆಂದು ಕಪ್ಪಾಗುತ್ತದೆಂದು ಬಾಲಾಜಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೋದ ವರ್ಷ ಊರಿನ ಮಾಲೆಲ್ಲ ಅವನ ಲಾರಿಯಲ್ಲೇ ಹೋಗುತ್ತಿತ್ತು. ಚಂದನಳ ಅಮ್ಮನ ಮೂಟೆಗಳನ್ನು ಅವನು ಪ್ರತಿ ಸಲವೂ ಅಡಿಗೆ ತಳ್ಳಿದ. ಕೊನೆಗೆ ಮಂಡಿಯವನು ಅವಳ ಮಾಲೇ ಬೇಡವೆಂದ. ಅಮ್ಮ ಹೋಗಿ ಕೇಳಿದರೆ ಬಾಲಾಜಿ ಕಡ್ಡಿಯಿಂದ ಹಲ್ಲು ಕೆದಕುತ್ತ ನಕ್ಕಿದ್ದ. “ಯಾರಾದ್ರೂ ಅಡೀಲಿ ಇರ್ಬೇಕಲ್ಲಕ್ಕ.”

ಲಾರಿ ಮಾರಿ ಬೇಸಾಯಕ್ಕಿಳಿದಿದ್ದ ಅವನು ಈಗ ಟೈರಿನ ಪಕ್ಕ ಟವೆಲು ಹಿಂಡುತ್ತ ನಿಂತಿದ್ದ. “ಮೊದಲ್ನೇ ಲೋಡು ಕಣಮ್ಮ. ಮಾಲು ಕೆಟ್ರೆ ಮಂಡಿಯವನು ಇನ್ನು ಅತ್ರಕ್ಕೂ ಸೇರ್ಸಲ್ಲ. ಮೇಲೆ ಆಕ್ಸು ತಾಯಿ.”

ಚಂದನ ಲಾರಿಯ ನೆಲದಲ್ಲಿ ಹಾಸಿದ್ದ ಒಣಹುಲ್ಲನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. ಕೆಳಗಿನ ತಗಡು ಬಿಸಿಲಿಗೆ ರೊಟ್ಟಿ ಹೆಂಚಿನಂತೆ ಕಾದಿತ್ತು. ಬೆರಳು ಚುರುಗುಟ್ಟಿದರೂ ಅವಳು ಕೈ ತೆಗೆಯಲಿಲ್ಲ. ಹೊಸ ಮಂಡಿಗೆಂದು ಅಮ್ಮ ಕಟ್ಟಿಕೊಟ್ಟಿದ್ದ ಮೂಟೆಗಳು ಬೇವಿನ ನೆರಳಲ್ಲಿ ಕಾಯುತ್ತಿದ್ದವು.

“ಇಲ್ಲಿಗೇ ಆಕಣ್ಣ,” ಎಂದಳು ಕುಪ್ಪುಸ್ವಾಮಿಗೆ. “ಇದರ ಮೇಲೆ ಅಮ್ಮನ ಮೂಟೆ ಬತ್ತವೆ.”