ಕಾಕಟೂ ಬಿಚ್ಚಿದ ಗಂಟು

ಇವತ್ತು ನನ್ನ ಪುಟ್ಟ ಮೊಮ್ಮಗಳು ಇಡ್ಲಿ ಪಾರ್ಸೆಲಿನ ದಾರವನ್ನು ತಾನೇ ಎಳೆದು ಬಿಚ್ಚಿದಳು. ನನ್ನ ಖುಷಿ ಹೇಳತೀರದು, ಬಿಸಿ ಬಾಳೆಲೆಯ ವಾಸನೆಗೆ ಬಾಲ್ಯದಲ್ಲಿ ಕಂಡ ಕುರ್ಲಾದ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿತು.

ಅಪ್ಪ ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುತ್ತಿದ್ದರು. ಊರಿಗೆ ಹೋದ ಹೋಟೆಲ್ ಧಣಿ ತಾವು ಸಾಕಿದ ಕಾಕಟೂ ಎಂಬ ಜುಟ್ಟಿನ ಬಿಳಿ ಗಿಳಿಯನ್ನು ನೋಡಿಕೊಳ್ಳಲೆಂದು ನಮ್ಮ ಚಾಳಿನ ಕೋಣೆಯಲ್ಲಿ ಬಿಟ್ಟಿದ್ದರು. ಅದು ಕೊಕ್ಕಿನಿಂದಲೇ ಪಂಜರದ ಚಿಲಕ ತೆಗೆಯುತ್ತಿತ್ತು. ಅಪ್ಪ ಪಂಜರದ ಬಾಗಿಲಿಗೆ ದಾರ ಬಿಗಿದರು.

“ಹಕ್ಕಿ ಹೋದ್ರೆ ಕೆಲಸವೂ ಹೋಯ್ತು ಮಾರಾಯ್ತಿ,” ಎಂದರು.

ಅಮ್ಮ ನಕ್ಕರು. “ಗಿರಾಕಿ ಒಂದೇ ಸಲ ಎಳೆದು ಬಿಚ್ಚುವ ಗಂಟಲ್ವಾ ಇದು? ನಿಮ್ಮ ಕೈಗೆ ಬೇರೆ ಗಂಟೇ ಬರೂದಿಲ್ವಾ?”

ಅಷ್ಟರಲ್ಲಿ ಹಕ್ಕಿ ದಾರದ ತುದಿಯನ್ನು ಎಳೆದೇಬಿಟ್ಟಿತು. ಕಿಟಕಿಯಿಂದ ಹಾರಿ ರೈಲಿನ ತಂತಿಯ ಮೇಲೆ ಕೂತಿತು. ಅಪ್ಪ ಅಂಗೈಯಲ್ಲಿ ಕಡಲೆ ಹಿಡಿದು ಕರೆದೇ ಕರೆದರು. ಲೋಕಲ್ ರೈಲು ಬಂದು ಹೋದ ಮೇಲೆ ತಂತಿ ಖಾಲಿಯಿತ್ತು.

ಅಮ್ಮ ಮೆಲ್ಲಗೆ ಕೇಳಿದರು, “ಊರಿಗೆ ಹೋಗೂದಾದ್ರೆ ಪೆಟ್ಟಿಗೆ ತೆಗೀಲಾ?”