ಗುಡ್ಡದಲ್ಲಿ ತೋಳವಿಲ್ಲ

ಖಾಕಿ ಅಂಗಿಯವನು ಕಾಗದ ಹಿಡಿದು ಕುರಿಹಟ್ಟಿಗೆ ಬಂದಾಗ ಮಾಳಪ್ಪ ಗಡಬಡಿಸಿ ಎದ್ದು ನಿಂತ. ಪಕ್ಕದೂರಿನ ಗುಡ್ಡದಲ್ಲಿ ತೋಳ ಕಂಡಿತೆಂದು ಅರಣ್ಯದವರು ಹೋದ ವರ್ಷ ಅಲ್ಲಿ ಕುರಿ ಮೇಯಿಸುವುದನ್ನೇ ನಿಲ್ಲಿಸಿದ್ದರು. ಈ ಗುಡ್ಡವೂ ಹೋದರೆ ಅವನ ಮಂದೆಗೆ ಬೇರೆ ಹುಲ್ಲಿರಲಿಲ್ಲ.

"ಇಲ್ಲಿ ತ್ವಾಳ ಅದಾವೇನಪಾ?"

"ಎಲ್ಲೀ ತ್ವಾಳ ತಗೀರಿ ಸಾಹೇಬ್ರ. ನಮ್ಮಜ್ಜನ ಕಾಲದಾಗ ಇದ್ವಂತ."

ಹೋದ ವಾರವಷ್ಟೇ ತೋಳವೊಂದು ಮರಿಯನ್ನು ಒಯ್ದಿತ್ತು. ಮಾಳಪ್ಪ ಬಡಿಗೆ ಎತ್ತಿರಲಿಲ್ಲ. ಮಂದೆಯಲ್ಲಿ ತೋಳಕ್ಕೂ ಒಂದು ಪಾಲು ಎಂಬುದು ಅವನ ಮನೆತನದ ಪದ್ಧತಿ. ಅದಕ್ಕೇ ಅವು ಎಷ್ಟೋ ತಲೆಮಾರಿನಿಂದ ಈ ಗುಡ್ಡ ಬಿಟ್ಟು ಹೋಗಿರಲಿಲ್ಲ.

"ಹಳ್ಳದ ಕೆಸರಿನ್ಯಾಗ ಹೆಜ್ಜಿ ಅದಾವಲ್ಲ?"

"ನಮ್ಮ ನಾಯೀವು ಇರಬೇಕ್ರಿ."

"ಎಲ್ಲಿ ನಾಯಿ? ಒಂದೂ ಕಾಣವಲ್ದು."

"ಮೇಯಾಕ ಹೋಗ್ಯಾವ್ರಿ."

"ನಿಮ್ಮ ನಾಯಿ ಹುಲ್ಲು ತಿಂತಾವೇನೋ?"

"ಕುರಿ ಸಂಗಾಟ ಹೋಗ್ಯಾವಂತ ಹೇಳಿದ್ನಿರಿ."

ಬಂದವನು ಕೈಯಲ್ಲಿದ್ದ ಕಾಗದ ಬಿಚ್ಚಿ ಅವನ ಮುಖ ನೋಡಿದ. ಮಾಳಪ್ಪ ಕಣ್ಣು ತಪ್ಪಿಸಲಿಲ್ಲ.

"ಖರೇ ಹೇಳು. ನಾಳೆ ಅದಾವ ಅಂದ್ರ ನಡ್ಯಂಗಿಲ್ಲ."

"ಬೀರಪ್ಪನ ಆಣಿರಿ, ಒಂದೂ ಇಲ್ಲ."

"ಹಂಗಾರ ಇಲ್ಲಿ ಹೆಬ್ಬೆಟ್ಟು ಒತ್ತು."

ಮಾಳಪ್ಪ ಒತ್ತಿದ. ಬಂದವನು ಕಾಗದ ಮಡಚಿ, ಮೊದಲ ಸಲ ನಕ್ಕ.

"ಚಲೋ ಆತು ನೋಡಪಾ. ತ್ವಾಳ ಇದ್ದಿದ್ರ ಅರಣ್ಯದವರು ನಮ್ಮ ಕಂಪನಿಗೆ ಈ ಗುಡ್ಡ ಮುಟ್ಟಾಕ ಬಿಡ್ತಿರಲಿಲ್ಲ. ಸೋಮವಾರ ಸೋಲಾರ್ ಸಾಮಾನು ಬರ್ತಾವ, ಅಷ್ಟರಾಗ ಕುರಿ ಹೊಡ್ಕೊಂಡು ಬ್ಯಾರೆ ಕಡೆ ಹೋಗು."